ನಾಮದ ಕೋಳಿಯ ಸರಹದ್ದು

ನಮ್ಮ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಕೆರೆಯ ನೀರಿನ ಮೇಲೆ ಸರಹದ್ದು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಲ್ಲವನು ನಾನೊಬ್ಬನೇ. ಅಮಲ್ದಾರರು ಸರಪಳಿ ಹಿಡಿಸಿ ನೆಲ ಅಳೆಸುತ್ತಾರೆ. ನೀರು ಅಳೆಸಲಿ, ನೋಡೋಣ!

ಈ ವಿದ್ಯೆ ನನಗೆ ಒಲಿದದ್ದು ನಾಮದ ಕೋಳಿ ಎಂಬ ನೀರುಹಕ್ಕಿಗಳಿಂದ. ಮೈಯೆಲ್ಲ ಕಪ್ಪು, ಹಣೆಯ ಮೇಲೆ ನನ್ನ ಹಾಗೆಯೇ ಬೆಳ್ಳಗೆ ಒಂದು ನಾಮ. ದೂರದಿಂದ ನೋಡಿದರೆ ಈಗ ತಾನೇ ಪೂಜೆ ಮುಗಿಸಿ ಎದ್ದ ಹಾಗೆ ಕಾಣುತ್ತದೆ. ಗೂಡು ಕಟ್ಟುವ ಕಾಲದಲ್ಲಿ ನೋಡಬೇಕು ಅದರ ಭಕ್ತಿ! ಕೆರೆಯ ನಡುವೆ ಒಂದು ಬಂಡೆ ಇದೆ. ಬಂಡೆಯ ಬಲಗಡೆಯ ನೀರು ಒಂದು ಜೋಡಿಯದು, ಎಡಗಡೆಯದು ಇನ್ನೊಂದರದು. ಒಂದು ಗೇಣು ಆಚೆ ಬಂದರೂ ಮುಗಿಯಿತು. ತಲೆ ತಗ್ಗಿಸಿ, ರೆಕ್ಕೆ ಉಬ್ಬಿಸಿ, ನೀರಿನ ಮೇಲೆಯೇ ಓಡಿ ಬಂದು ಎದೆಗೆ ಒದೆಯುತ್ತವೆ. ಅಣ್ಣತಮ್ಮಂದಿರು ಹೊಲದ ಬದುವಿಗೆ ಹೊಡೆದಾಡುವುದನ್ನು ನೋಡಿದ್ದೇನೆ. ಇಷ್ಟು ಶಿಸ್ತಾಗಿ ಹೊಡೆದಾಡಿದ್ದನ್ನು ಕಂಡಿಲ್ಲ.

ಬರೀ ನೋಡಿ ಸುಮ್ಮನಿರುವ ಜಾತಿಯಲ್ಲ ನಾನು. ಒಂದು ಒಣ ಸೋರೆಬುರುಡೆಗೆ ದೀಪದ ಮಸಿ ಬಳಿದೆ, ಮುಂದುಗಡೆ ಸುಣ್ಣದಲ್ಲಿ ನಾಮ ಎಳೆದೆ. ಸಾಕ್ಷಾತ್ ನಾಮದ ಕೋಳಿ! ಇದನ್ನು ಸರಹದ್ದು ದಾಟಿಸಿ ತಮಾಷೆ ನೋಡಬೇಕೆಂದು ಕಂಬಳಿಯೊಳಗೆ ಬಚ್ಚಿಟ್ಟುಕೊಂಡು ಸಮಯ ಕಾಯುತ್ತಿದ್ದೆ.

ಆಷಾಢದ ಒಂದು ಬೆಳಿಗ್ಗೆ ಹೆಂಡತಿ ರಂಗಮ್ಮ ಬುಟ್ಟಿಯೊಂದನ್ನು ನನ್ನ ಕೈಗಿಟ್ಟಳು. ಬುಟ್ಟಿಯಲ್ಲಿ ಕೆಂಪು ಬಣ್ಣ ಹಾಕಿದ ರೇಷ್ಮೆಯ ಲಡಿಗಳು. ಮಗಳು ತುಳಸಿಯ ಮದುವೆ ರಾಂಪುರಕ್ಕೆ ಗೊತ್ತಾಗಿತ್ತು. ನಮ್ಮ ಮನೆತನದಲ್ಲಿ ಮಗಳ ಧಾರೆ ಸೀರೆಯನ್ನು ಅಪ್ಪನೇ ನೇಯಬೇಕು. ಅದರ ಅಂಚಿನ ಕೆಂಪು ಒಂದೇ ಹಂಡೆಯಲ್ಲಿ ಆಗಬೇಕು. ಎರಡನೆಯ ಹಂಡೆಗೆ ಅದೇ ಕೆಂಪು ಬರುವುದಿಲ್ಲ. ಬೀಗರಾದ ಓಬಳಯ್ಯನವರೂ ಮಗ್ಗದವರೇ, ಒಂದು ಎಳೆ ಬೇರೆಯಾದರೂ ಕಣ್ಣಿಗೆ ಬೀಳುತ್ತದೆ.

"ಬೀಗ್ರು ಇವತ್ತು ಬಣ್ಣ ನೋಡಕ್ಕೆ ಬರ್ತಾರ್ರೀ. ಕೆರೇಲಿ ಜಾಲಿಸ್ಕಂಡು ಸೀದಾ ಮನೀಗೆ ಬರ್ಬೇಕು. ಕೋಳಿ ನೋಡ್ತಾ ಕುಂತ್ಕಂಡ್ರೆ ನೋಡ್ರಿ ಮತ್ತೆ!"

"ನಾನೇನು ಚಿಕ್ಕ ಹುಡುಗ್ನೇನೇ?"

"ಚಿಕ್ಕ ಹುಡುಗ್ರಾಗಿದ್ರೆ ಕಿವಿ ಹಿಂಡಿ ಕಳಿಸ್ತಿದ್ದೆ."

ಜಾಲಿಸುವ ಕೆಲಸ ಬೇಗ ಮುಗಿಯಿತು. ನನ್ನ ಕೈ ಅಂಥಾದ್ದು! ಬಂಡೆಯ ಹತ್ತಿರ ಗಂಡು ಕೋಳಿ ಎದೆ ಉಬ್ಬಿಸಿಕೊಂಡು ಗಸ್ತು ತಿರುಗುತ್ತಿತ್ತು. ಬುರುಡೆ ಇತ್ತು, ಅದನ್ನು ಕಟ್ಟಿ ಬಿಡಲು ಹಗ್ಗ ಇರಲಿಲ್ಲ. ನೇಕಾರನ ಬುದ್ಧಿ ಇಂಥ ಹೊತ್ತಿನಲ್ಲೇ ಓಡುವುದು. ಲಡಿ ಎಂದರೆ ದೊಡ್ಡ ಬಳೆಯ ಹಾಗೆ ಸುತ್ತಿದ ನೂಲು. ಒಂದು ಲಡಿಯೊಳಗೆ ಇನ್ನೊಂದನ್ನು ತೂರಿಸಿ, ಕೊಂಡಿಗೆ ಕೊಂಡಿ ಹಾಕಿ, ಎಲ್ಲವನ್ನೂ ಸೇರಿಸಿ ಒಂದು ಕೆಂಪು ಸರಪಳಿ ಮಾಡಿದೆ. ಒಂದೆಳೆಯನ್ನೂ ಕತ್ತರಿಸಲಿಲ್ಲ. ಜವಾಬ್ದಾರಿ ಎಂದರೆ ಅದು!

ಸರಪಳಿಯ ತುದಿಗೆ ಕಟ್ಟಿ ಬಿಟ್ಟ ಬುರುಡೆ ತೇಲುತ್ತಾ ಹೋಗಿ ಸರಹದ್ದು ದಾಟಿತು. ಗಂಡು ಕೋಳಿ ನೀರು ಚಿಮ್ಮಿಸುತ್ತಾ ಬಂದು ಒದ್ದ ಒದೆಗೆ ಬುರುಡೆ ಗಿರಗಿರ ತಿರುಗಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಸರಪಳಿ ಹಿಡಿಯಲು ಮೂರನೆಯ ಕೈ ಇರಲಿಲ್ಲ!

ಬುರುಡೆ ಅತ್ತ ಕಳಚಿಕೊಂಡು ಹೋಯಿತು. ಕೋಳಿ ಸರಪಳಿಯನ್ನು ನೋಡಿತು. ಕೊಕ್ಕಿನಲ್ಲಿ ಹಿಡಿದು ನೋಡಿತು. ಮೆತ್ತಗಿತ್ತು. ಜೊಂಡಿನ ನಡುವೆ ಗೂಡಿನಲ್ಲಿ ಕೂತಿದ್ದ ಹೆಂಡತಿಗೆ ಒಯ್ದು ಕೊಟ್ಟಿತು. ಆ ಮಹಾತಾಯಿ ಅದನ್ನು ಮೊಟ್ಟೆಗಳ ಸುತ್ತ ಒಪ್ಪವಾಗಿ ಒತ್ತಿಟ್ಟುಕೊಂಡಳು. ನನ್ನ ಮಗಳ ಧಾರೆ ಸೀರೆಯ ಅಂಚು ನಾಮದ ಕೋಳಿಯ ಮನೆ ಸೇರಿತು!

ನಾನು ಎದೆಗುಂದಲಿಲ್ಲ. ಸದ್ದಿಲ್ಲದೆ ನುಸುಳಿ ಹೋಗಿ ಎತ್ತಿಕೊಂಡು ಬರುವುದೆಂದು ತೀರ್ಮಾನಿಸಿದೆ. ಹನಿ ಬೀಳುತ್ತಿತ್ತು, ತಲೆಯ ಮೇಲೆ ಚಳ್ಳಕೆರೆಯ ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದೆ. ಕೋಳಿಗೆ ಕಾಣಬಾರದೆಂದು ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿ ತೆವಳಿದೆ. ಎಂಥ ಉಪಾಯ!

ಗಂಡು ಕೋಳಿ ನನ್ನನ್ನು ನೋಡಿ ಗಕ್ಕನೆ ನಿಂತಿತು. ಅದರ ಕಣ್ಣಲ್ಲಿ ಅಂಥ ಗಾಬರಿ ನಾನು ಎಂದೂ ಕಂಡಿರಲಿಲ್ಲ. ಮರುಗಳಿಗೆಯಲ್ಲಿ ಮುಖಕ್ಕೆ ಒದೆ ಬಿತ್ತು. ನೀರು ಕುಡಿದೆ. ಏಳುವಷ್ಟರಲ್ಲಿ ಇನ್ನೊಂದು ಒದೆ! ಗೂಡಿನಿಂದ ಹೆಣ್ಣೂ ಎದ್ದು ಬಂದು ತನ್ನ ಪಾಲಿನದನ್ನು ಕೊಟ್ಟಿತು.

ಅದೇ ಹೊತ್ತಿಗೆ ಏರಿಯ ಮೇಲೆ ಎತ್ತಿನ ಗಾಡಿ ನಿಂತಿತು. ಓಬಳಯ್ಯನವರು! ನನ್ನನ್ನು ಹುಡುಕಿಕೊಂಡು ಬಂದ ರಂಗಮ್ಮ ಗಾಡಿಯ ಪಕ್ಕದಲ್ಲೇ ನಿಂತಿದ್ದಳು.

"ಏಮಿಟಿ ಇದಿ!" ಎಂದರು ಬೀಗರು. ಗಾಬರಿಯಾದಾಗ 'ಏನಿದು' ಎನ್ನಲೂ ಅವರ ಬಾಯಿಗೆ ತೆಲುಗೇ ಬರುವುದು. ಆಮೇಲೆ ಸುಧಾರಿಸಿಕೊಂಡು, "ತಂಗೀ, ನಿಮ್ಮ ಕೆರೆ ಕೋಳಿ ಭಾರಿ ದಪ್ಪ ಐತಲ್ಲಮ್ಮಾ" ಎಂದರು.

"ಅದು ಕೋಳಿ ಅಲ್ಲಣ್ಣಾ, ನಮ್ಮನೆಯವ್ರು" ಎಂದಳು ರಂಗಮ್ಮ. ನನ್ನ ಕಡೆ ತಿರುಗಿ ಕೂಗಿದಳು: "ಕರೀ ಕಂಬ್ಳಿ, ಬಿಳೀ ನಾಮ! ಆ ಕೋಳಿಗೆ ನೀವೂ ಒಂದು ದೊಡ್ಡ ಕೋಳಿ ಥರ ಕಾಣ್ತೀರಿ! ಕಂಬ್ಳಿ ಬಿಸಾಕ್ರಿ, ನಾಮ ಒರೆಸ್ಕಳ್ರಿ!"

"ಕೋಳಿಗೆ ಹೆದ್ರಿ ನಾಮ ಅಳಿಸ್ಕಳೋ ವಂಶ ಅಲ್ಲ ಕಣೇ ನಮ್ದು!" ಎಂದು ಗರ್ಜಿಸಿದೆ. ಮೂಗಿನ ಮೇಲೆ ಒದೆ ಬಿತ್ತು.

ಅಳಿಸಿಕೊಂಡೆ.

ಕಂಬಳಿಯನ್ನು ಅತ್ತ ಎಸೆದೆ. ಕೋಳಿಗಳು ನನ್ನ ಪಕ್ಕದಲ್ಲೇ ಹಾದು ಹೋಗಿ ತೇಲುವ ಕಂಬಳಿಯನ್ನು ಒದೆಯತೊಡಗಿದವು. ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಂದರೆ ಅಷ್ಟು ಹೊತ್ತು ಅವು ಕಾದಾಡಿದ್ದು ನನ್ನ ಜೊತೆ ಅಲ್ಲವೇ ಅಲ್ಲ! ಒದೆಗಿಂತ ಅದು ಹೆಚ್ಚು ನೋಯಿಸಿತು. ಮೊಟ್ಟೆ ಅಲುಗದ ಹಾಗೆ ಲಡಿಗಳನ್ನು ಬಿಡಿಸಿಕೊಂಡು ದಡಕ್ಕೆ ಬಂದೆ.

ಓಬಳಯ್ಯನವರು ಲಡಿಗಳನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು, ಹಿಂಡಿದರು, ಬಿಳಿ ಪಂಚೆಗೆ ಒತ್ತಿ ನೋಡಿದರು.

"ಕೆಸರು ಮೆತ್ತೈತೆ, ತೊಳೆದ್ರೆ ಹೋಗ್ತದೆ. ಬಣ್ಣ ಬಿಟ್ಟಿಲ್ಲ. ಬಣ್ಣ ಹಾಕಿದ್ದು ಯಾರು?"

"ನಾನೇ ಅಣ್ಣಾ" ಎಂದಳು ರಂಗಮ್ಮ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತಲೆಯಲ್ಲಿ ಜೊಂಡು, ಮೂಗಿನ ಮೇಲೆ ರಕ್ತ. ಮದುವೆ ಇಲ್ಲೇ ಮುರಿಯಿತು ಎಂದುಕೊಂಡೆ.

"ಹೆದ್ರಬ್ಯಾಡ್ರಿ ಬೀಗ್ರೇ. ಹುಡುಗಿ ಯಾರ ಹೋಲಿಕೆ ಅಂತ ನಾವು ಮೊದ್ಲೇ ವಿಚಾರಿಸೀವಿ. ಪೂರಾ ತಾಯಿ ಹೋಲಿಕೆ ಅಂದ್ರು. ಅದಕ್ಕೇ ಒಪ್ಪಿದ್ದು."

ಆ ತಾಯಿಯನ್ನು ಹುಡುಕಿ ಮದುವೆಯಾದ ಜಾಣ ಯಾರು? ನಾನು! ಇದನ್ನು ಬೀಗರಿಗೆ ತಿಳಿಸಲೇಬೇಕೆಂದು ಎದೆ ಉಬ್ಬಿಸಿ ಬಾಯಿ ತೆರೆದೆ.

ಬರೀ ಸೀನು ಬಂತು.