ಕ್ಯುರೇಟರ್ ಸಾಹೇಬರ ಕನ್ನಡಕಕ್ಕೆ ತಕ್ಕ ಪೀಠ

ವಿಜ್ಞಾನ ಸಂಗ್ರಹಾಲಯದ ನೋಂದಣಿ ಮೇಜಿನ ಮೇಲೆ ಒಮ್ಮೆ ಇಟ್ಟ ವಸ್ತು ಸಂಗ್ರಹಾಲಯದ್ದೇ ಆಗುತ್ತದೆ. ಈ ನಿಯಮ ಬರೆದವರು ಯಾರೋ ಗೊತ್ತಿಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅದನ್ನು ಕಾಯುತ್ತಿದ್ದವರು ಮಾತ್ರ ಕ್ಯುರೇಟರ್ ಸಾಹೇಬರು. ಹಿಂದೊಮ್ಮೆ ಭಾಷಣಕ್ಕೆ ಬಂದ ಪ್ರಾಧ್ಯಾಪಕರೊಬ್ಬರು ಆ ಮೇಜಿನ ಮೇಲೆ ಕೊಡೆಯಿಟ್ಟು, ಭಾಷಣ ಮುಗಿಸಿ, ನೆನೆದುಕೊಂಡೇ ಮನೆಗೆ ಹೋಗಿದ್ದರು. "ನಿಯಮ ಅಂದ್ರೆ ನಿಯಮ" ಎಂದು ಬಾಗಿಲವರೆಗೂ ಬಂದು ಬೀಳ್ಕೊಟ್ಟವರು ಇದೇ ಸಾಹೇಬರು.

ಹೀಗಿರಲಾಗಿ, ಯಾರೋ ದಾನ ಕೊಟ್ಟ ಹಳೆಯ ಸೂಕ್ಷ್ಮದರ್ಶಕವೊಂದು ಮೇಜಿಗೆ ಬಂತು. ಇಣುಕಲು ಕನ್ನಡಕ ಅಡ್ಡವಾಯಿತು. ಸಾಹೇಬರು ಅದನ್ನು ತೆಗೆದು ಪಕ್ಕಕ್ಕಿಟ್ಟರು. ತಲೆಯೆತ್ತುವಷ್ಟರಲ್ಲಿ ನೋಂದಣಿ ಮೇಡಂ ಕನ್ನಡಕದ ಕಡ್ಡಿಗೆ ಚೀಟಿ ಕಟ್ಟಿ ಆಗಿತ್ತು.

"ಮೇಡಂ, ಅದು ನನ್ನದು."

"ಆಗಿತ್ತು ಸಾರ್," ಎಂದರು ಮೇಡಂ, ದಾರದ ತುದಿ ಕತ್ತರಿಸುತ್ತ. "ಈಗ ಸಮಕಾಲೀನ ವಿಭಾಗದ್ದು."

ಆ ವಾರ ಸಾಹೇಬರು ದೂರದರ್ಶಕಕ್ಕೆ ನಮಸ್ಕಾರ ಮಾಡಿದರು. ನಿರ್ದೇಶಕರ ಬೋಳುತಲೆಯನ್ನು ಭೂಗೋಳವೆಂದು ತಿಳಿದು ಶ್ರದ್ಧೆಯಿಂದ ಒರೆಸಿದರು. ಎದುರಿಗೆ ಬಂದ ಕಾಗದಕ್ಕೆಲ್ಲ ಓದದೆ ಸಹಿ ಹಾಕಿದ್ದರಿಂದ ಕಚೇರಿಯ ಕೆಲಸ ಎಂದೂ ಕಾಣದ ವೇಗದಲ್ಲಿ ಸಾಗಿ, ಮೇಲಿನಿಂದ ಮೆಚ್ಚುಗೆ ಪತ್ರವೇ ಬಂತು. ಅದಕ್ಕೂ ಸಹಿ ಹಾಕಿ ವಾಪಸು ಕಳಿಸಿದರು.

ಅವರ ಪಾಡು ನೋಡಲಾರದೆ ಹೆಂಡತಿ ಹೊಸ ಕನ್ನಡಕ ಮಾಡಿಸಿಕೊಟ್ಟರು. ಹಳೆಯದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಮೇಡಂ ಕೇಳಿದರು. ವಿದ್ವಾಂಸರಿಗೆ ವಿವರಿಸುವ ಅವಕಾಶ ಸಿಕ್ಕರೆ ಮೈಮೇಲೆ ಎಚ್ಚರ ಇರುವುದಿಲ್ಲ. ಸಾಹೇಬರು ಎರಡನ್ನೂ ಅಕ್ಕಪಕ್ಕ ಇಟ್ಟು ವಿವರಿಸಿದರು. ಮೇಜು ಅದೇ. ಹೊಸದು ಸಮಕಾಲೀನ ವಿಭಾಗಕ್ಕೆ ಸೇರಿ, ಹಳೆಯದು ಅಂದೇ ಐತಿಹಾಸಿಕ ವಿಭಾಗಕ್ಕೆ ಬಡ್ತಿ ಪಡೆಯಿತು.

"ಇನ್ನೊಂದು ಮಾಡಿಸ್ಲಾ?" ಎಂದರು ಹೆಂಡತಿ.

"ಬೇಡ ಕಣೇ. ಭವಿಷ್ಯದ ವಿಭಾಗ ಅಂತ ಶುರು ಮಾಡ್ತಾರೆ," ಎಂದು ಸಾಹೇಬರು ಬಟ್ಟೆ ಬೀರುವಿಗೆ ಉತ್ತರ ಕೊಟ್ಟರು. ಹೆಂಡತಿ ನಿಂತಿದ್ದದ್ದು ಬಾಗಿಲ ಬಳಿ. ಆಕೆಯ ಮುಖ ನಿಚ್ಚಳವಾಗಿ ನೋಡಿ ಎಷ್ಟು ದಿನವಾಯಿತು ಎಂಬುದೊಂದೇ ಅವರ ಸಂಕಟ. ಆದರೆ ಸಂಕಟಕ್ಕೆ ನಿಯಮಾವಳಿಯಲ್ಲಿ ಕಲಮು ಇಲ್ಲ.

ಅಷ್ಟರಲ್ಲಿ ಪ್ರಕಟಣೆ ಹೊರಟಿತು: "ಕನ್ನಡಕಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿಸುವುದು ವಸ್ತುವಿನ ಘನತೆಗೆ ತಕ್ಕುದಲ್ಲ. ಬಳಕೆಯ ಭಂಗಿಯಲ್ಲಿ ಪ್ರದರ್ಶಿಸಲು ಪೀಠ ಬೇಕಾಗಿದೆ. ಮೂಗು ಒಂದು, ಕಿವಿ ಎರಡು ಕಡ್ಡಾಯ."

ಬಡಗಿ ಮರದ ತಲೆ ಮಾಡಿದ, ಕನ್ನಡಕ ಜಾರಿತು. ಸುಣ್ಣದ ತಲೆ ಮಾಡಿದ. ಒಂದು ಕಿವಿ ಉದುರಿತು. ಮೂರನೆಯ ಸಲ ಬರಿಗೈಯಲ್ಲಿ ಬಂದು, ತಲೆ ಕೆರೆದುಕೊಳ್ಳುತ್ತ ಸಾಹೇಬರನ್ನೇ ದಿಟ್ಟಿಸಿದ.

"ಸಾರ್ ಮೂಗು ನೋಡಿ. ಅಳತೆ ತಗೊಂಡು ಕೊರೆದ ಹಾಗೆ ಗೆರೆ ಬಿದ್ದಿದೆ," ಎಂದ ನಿರ್ದೇಶಕರ ಕಡೆ ತಿರುಗಿ.

ನಿರ್ದೇಶಕರು ದೀರ್ಘವಾಗಿ ಯೋಚಿಸಿದರು. ಕ್ಯುರೇಟರ್ ಎಲ್ಲಿ ಬೇಕಾದರೂ ಸಿಗುತ್ತಾರೆ, ಇಂಥ ಪೀಠ ಸಿಗುವುದು ಕಷ್ಟ ಎಂದು ಷರಾ ಬರೆದರು. ಆ ಕಾಗದಕ್ಕೂ ಸಾಹೇಬರು ಎಂದಿನಂತೆ ಓದದೆ ಸಹಿ ಹಾಕಿದರು.

ಈಗ ಅವರು ಮೊಗಸಾಲೆಯ ಕುರ್ಚಿಯಲ್ಲಿ ಬೆಳಿಗ್ಗೆ ಐತಿಹಾಸಿಕ, ಮಧ್ಯಾಹ್ನ ಸಮಕಾಲೀನ ಕನ್ನಡಕ ಧರಿಸಿ ಕೂರುತ್ತಾರೆ. ಮೊದಲ ದಿನ ಹೆಂಡತಿ ಟಿಕೆಟ್ ಕೊಂಡು ಒಳಗೆ ಬಂದರು. ಸಾಹೇಬರು ಕಣ್ತುಂಬ ನೋಡಿದರು.

"ಹೊಸ ಓಲೆ ಚೆನ್ನಾಗಿದೆ ಕಣೇ."

"ಹಾಕ್ಕೊಂಡು ಎರಡು ತಿಂಗಳಾಯ್ತು," ಎಂದು ಆಕೆ ಅವರ ಕಾಲರ್ ಸರಿಮಾಡಲು ಕೈ ಚಾಚಿದರು. ಕಾವಲುಗಾರ ವಸ್ತು ಮುಟ್ಟಬಾರದೆಂದು ವಿನಯದಿಂದ ತಡೆದ.

ಮನೆಗೆ ಕಳಿಸುವುದು ಯಾವಾಗ ಎಂದು ಆಕೆ ವಿಚಾರಿಸಿದರು. ಎರವಲಿಗೆ ಅವಕಾಶವಿದೆ ಎಂದರು ಮೇಡಂ. ಅಂದಿನಿಂದ ದಿನಾ ಸಂಜೆ ಆಕೆ ಸಹಿ ಹಾಕಿ ಎರಡು ಕನ್ನಡಕಗಳನ್ನು ಪೀಠಸಮೇತ ಒಯ್ಯುತ್ತಾರೆ, ಬೆಳಿಗ್ಗೆ ತಂದು ಒಪ್ಪಿಸುತ್ತಾರೆ. ಮೊನ್ನೆ ಪೀಠದ ಗಲ್ಲದ ಮೇಲೆ ಗೀರು ಕಂಡುಬಂದದ್ದಕ್ಕೆ ಮೇಡಂ ವಿವರಣೆ ಕೇಳಿದರು. ಇವರೇ ಅವಸರದಲ್ಲಿ ಗಡ್ಡ ಹೆರೆದುಕೊಂಡದ್ದು ಎಂದು ಆಕೆ ಸಮಜಾಯಿಷಿ ಕೊಡಹೊರಟರೆ, ಸಾಹೇಬರೇ ಮೆಲ್ಲಗೆ ಹೇಳಿದರು:

"ವಾದ ಮಾಡಬೇಡ ಕಣೇ. ತಗೊಂಡು ಹೋದವರದ್ದೇ ಜವಾಬ್ದಾರಿ."

ಆಕೆ ಇನ್ನು ಮುಂದೆ ಜೋಪಾನವಾಗಿ ಇಟ್ಟುಕೊಳ್ಳುವುದಾಗಿ ಬರೆದುಕೊಟ್ಟರು.