ಮೂಲ ಸ್ಥಿತಿಯಲ್ಲಿದ್ದ ನಲ್ಲಿ

ಅಡುಗೆಮನೆಯ ನಲ್ಲಿ ಸೋರಿದರೆ ಲೋಕದಲ್ಲಿ ಗಂಡಂದಿರು ಎರಡು ಬಗೆಯಲ್ಲಿ ನಡೆದುಕೊಳ್ಳುತ್ತಾರೆ. ಕೆಲವರು ರಿಪೇರಿ ಮಾಡುತ್ತಾರೆ, ಉಳಿದವರು ರಿಪೇರಿ ಮಾಡಿಸುತ್ತೇನೆ ಎನ್ನುತ್ತಾರೆ. ಬೆಲೆಯಣ್ಣ ಈ ಎರಡೂ ಜಾತಿಗೆ ಸೇರಿದವನಲ್ಲ. ಅವನು ಸೋರುವ ನಲ್ಲಿಯನ್ನು ಸಂರಕ್ಷಿಸುವವನು.

ಬೆಲೆಯಣ್ಣ ಎನ್ನುವುದು ಅವನ ಹುಟ್ಟುಹೆಸರಲ್ಲ, ಹೊಟ್ಟೆಹೆಸರು. ಹೊಟ್ಟೆಪಾಡಿನಿಂದ ಬಂದದ್ದು. ಕಾರುಗಳಿಗೆ ಬೆಲೆ ಕಟ್ಟುವುದು ಅವನ ಕೆಲಸ. ಕಾರೆಂದರೆ ನಾವು ನೀವು ತಳ್ಳಿಕೊಂಡು ಹೋಗುವ ಕಾರುಗಳಲ್ಲ. ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ತಯಾರಾದ, ನೆಲಕ್ಕೆ ಹೊಟ್ಟೆ ಸವರಿಕೊಂಡು ಓಡುವ, ಒಳಗೆ ಕೂರಲು ಕಸರತ್ತೂ ಹೊರಗೆ ಬರಲು ಇಬ್ಬರು ಆಳುಗಳೂ ಬೇಕಾಗುವ ಸೂಪರ್ ಕಾರುಗಳು. ಅಂಥವನ್ನು ಕೊಳ್ಳುವವರು ಓಡಿಸುವುದಿಲ್ಲ. ಓಡಿಸಿದರೆ ಬೆಲೆ ಇಳಿಯುತ್ತದೆ. ದೀಪ ಹಾಕಿ ನೋಡುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ದೀಪ ಆರಿಸುತ್ತಾರೆ. (ಬೆಲೆಯಣ್ಣ ಸ್ವತಃ ಕೆಲಸಕ್ಕೆ ಹೋಗುವುದು ಬಸ್ಸಿನಲ್ಲಿ. ಮಿಠಾಯಿ ಅಂಗಡಿಯವನಿಗೆ ಸಕ್ಕರೆ ಕಾಯಿಲೆ ಇದ್ದ ಹಾಗೆ.)

ಅವನ ವೃತ್ತಿಯಲ್ಲಿ ಧರ್ಮಸೂತ್ರಗಳು ಕೆಲವೇ. ಇಂಜಿನ್ನಿನ ನಂಬರೂ ಚಾಸಿಯ ನಂಬರೂ ಒಂದಕ್ಕೊಂದು ತಾಳೆಯಾಗಬೇಕು, ಗಂಡಹೆಂಡಿರ ಮಾತಿನ ಹಾಗೆ ಇರಬಾರದು. ಕಾರ್ಖಾನೆಯಿಂದ ಬಂದದ್ದು ಹಾಗೇ ಇರಬೇಕು. ಮೂಲ ಬಣ್ಣ ಮಂಕಾಗಿದ್ದರೂ ಅದು ಹೊಸ ಬಣ್ಣಕ್ಕಿಂತ ದುಬಾರಿ. ಗೀಚು ಬಿದ್ದಿದ್ದರೆ ಉಜ್ಜಬಾರದು, ಅದು ಹೇಗೆ ಬಿತ್ತೆಂದು ವರದಿಯಲ್ಲಿ ಬರೆಯಬೇಕು. ‘ಕಲೆಯಿದ್ದರೆ ಕಥೆಯಿರಬೇಕು, ಕಥೆಯಿಲ್ಲದ ಕಲೆ ಕಳಂಕ’ ಎಂಬುದು ಅವನೇ ಕಟ್ಟಿದ ಗಾದೆ. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗಂತೂ ಎರಡು ಸಲ ಹೇಳುತ್ತಿದ್ದ.

ಈ ಸೂತ್ರಗಳು ಆಫೀಸಿನಲ್ಲೇ ಉಳಿದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಸಂಜೆ ಅವು ಬೆಲೆಯಣ್ಣನ ಜೊತೆ ಬಸ್ಸು ಹತ್ತಿ ಮನೆಗೂ ಬರುತ್ತಿದ್ದವು.

"ರೀ, ನಲ್ಲಿ ಸೋರ್ತಿದೆ."

"ಸೋರ್ಲಿ ಬಿಡೇ. ಮನೆ ಕಟ್ಟಿದಾಗ ಹಾಕಿದ್ದು. ಮೂಲ ವಾಷರು, ಮೂಲ ತಿರುಪು. ಒಂದ್ಸಲ ಬಿಚ್ಚಿದ್ರೆ ಮುಗೀತು, ಮೂಲ ಸ್ಥಿತಿ ಮತ್ತೆ ಬರಲ್ಲ."

"ಮೂಲ ಸ್ಥಿತೀಲಿ ಅದು ಸೋರ್ತಿರಲಿಲ್ಲ ಕಣ್ರೀ!"

ಒಳಗಿನಿಂದ ಅತ್ತೆಯ ದನಿ ತೇಲಿಬರುತ್ತಿತ್ತು. "ಸುಮ್ನಿರೇ ಮಗಳೇ. ನಿನ್ನ ಗಂಡನಿಗೆ ಇರೋದು ಮೂಲದ ವ್ಯಾಧಿ. ಅದಕ್ಕೆ ನಲ್ಲಿ ರಿಪೇರಿಯವನು ಬಂದರೂ ಏನೂ ಮಾಡಕ್ಕಾಗಲ್ಲ."

ಗೋಡೆಯ ಸುಣ್ಣ ಉದುರಿದರೆ ಮೂಲ ಬಣ್ಣ. ಸೋಫಾದ ಹೊಟ್ಟೆಯೊಡೆದು ಹತ್ತಿ ಇಣುಕಿದರೆ ಮೂಲ ಹತ್ತಿ. ಸೋಮಾರಿತನಕ್ಕೆ ಇಷ್ಟು ಭವ್ಯವಾದ ಸಿದ್ಧಾಂತ ಸಿಕ್ಕಿದ್ದು ಲೋಕದ ಗಂಡಂದಿರ ಪೈಕಿ ಅವನೊಬ್ಬನಿಗೇ ಇರಬೇಕು.

ಹೀಗಿರುವಾಗ ಹಲ್ಲಿನ ಡಾಕ್ಟರರ ಕಾರು ಬಂತು. ಡಾಕ್ಟರು ನಿವೃತ್ತರು. ಜೀವಮಾನವಿಡೀ ಜನರ ಅಸಲಿ ಹಲ್ಲು ಕಿತ್ತು ನಕಲಿ ಕೂರಿಸಿದವರು, ಈಗ ತಮ್ಮ ಕಾರಿನಲ್ಲಿ ಮಾತ್ರ ಒಂದೂ ನಕಲಿ ಇಲ್ಲವೆಂದು ಎದೆ ಉಬ್ಬಿಸುತ್ತಿದ್ದರು. ಬದನೆಕಾಯಿ ಬಣ್ಣದ ಆ ಕಾರಿನ ಅಣ್ಣತಮ್ಮಂದಿರು ಲೋಕದಲ್ಲಿ ಒಂದು ಸಣ್ಣ ಬಸ್ ಸ್ಟಾಪು ತುಂಬುವಷ್ಟೂ ಇಲ್ಲ. ಅದನ್ನು ದೊಡ್ಡದೊಂದು ಹರಾಜು ಮನೆಗೆ ಕಳಿಸಬೇಕು, ಬೆಲೆಯ ವರದಿಗೆ ಬೆಲೆಯಣ್ಣನ ಸಹಿ. ಅಪಘಾತವಾದ, ಬಣ್ಣ ಬಳಿದ, ಅಲ್ಲಿಂದಿಲ್ಲಿಂದ ತಂದು ಜೋಡಿಸಿದ ಸೂಪರ್ ಕಾರುಗಳಿಗೇ ಬೆಲೆ ಕಟ್ಟಿ ತಲೆ ನರೆತಿದ್ದ ಅವನಿಗೆ ಇಂಥ ಕಾರು ಇದೇ ಮೊದಲು. ವರದಿ ಹರಾಜು ಮನೆಯಲ್ಲಿ ಗೆದ್ದು ನಿಂತರೆ ಅವನ ಸಹಿಗೇ ಒಂದು ಬೆಲೆ ಬರುತ್ತಿತ್ತು. ಬಿದ್ದರೆ, ಅಪಘಾತದ ಕಾರುಗಳು ಹೇಗೂ ಕಾದಿದ್ದವು.

ಕಾರಿನ ಬಾಗಿಲ ಮೇಲೆ ಉಗುರುದ್ದದ ಗೀಚಿತ್ತು. ಡಾಕ್ಟರರ ಹೆಂಡತಿ ಬದುಕಿದ್ದಾಗ ಅವರ ಕೈಚೀಲದ ಕೊಂಡಿ ತಾಗಿ ಆದದ್ದು.

"ಇದನ್ನ ಅಳಿಸಿಬಿಡಲಾ?" ಎಂದರು ಡಾಕ್ಟರು ಒಲ್ಲದ ಮನಸ್ಸಿನಿಂದ.

"ಬೇಡಿ ಸಾರ್! ಕಲೆಯಿದ್ದರೆ ಕಥೆಯಿರಬೇಕು. ಹೇಳಿ, ಬರ್ಕೋತೀನಿ. ಮುಚ್ಚಿಟ್ಟರೆ ಬೆಲೆ ಇಳಿಯುತ್ತೆ."

ಡಾಕ್ಟರರ ಕಣ್ಣು ತೇವವಾಯಿತು. ಆ ಸಂತೋಷದಲ್ಲೇ ಅವರು ಯಾರಿಗೂ ಕೊಡದ ವಸ್ತುವನ್ನು, ಕಾರಿನ ಜೊತೆ ಕಾರ್ಖಾನೆಯಿಂದ ಬಂದ ಸಲಕರಣೆಗಳ ತೊಗಲುಚೀಲವನ್ನು, ಬಾಣಂತಿ ಕೂಸು ಕೊಟ್ಟ ಹಾಗೆ ಅವನ ಕೈಗಿಟ್ಟರು. ಒಳಗೆ ಸ್ಪ್ಯಾನರು, ಸ್ಕ್ರೂಡ್ರೈವರು, ಇಕ್ಕಳ, ಎಲ್ಲಾ ಇವೆಯಂತೆ. ಪಟ್ಟಿ ಸಡಿಲವಾದೀತೆಂಬ ಭಯದಿಂದ ಡಾಕ್ಟರು ಅದನ್ನು ಈವರೆಗೆ ಬಿಚ್ಚಿರಲೇ ಇಲ್ಲ. ಹಳೆಯ ಕಾರುಗಳಲ್ಲಿ ಇಂಥ ಚೀಲ ಪೂರ್ತಿಯಾಗಿ ಉಳಿಯುವುದೇ ಅಪರೂಪ. ಉಳಿದರೆ ಚೀಲಕ್ಕೇ ಒಂದು ಸಾಧಾರಣ ಕಾರಿನ ಬೆಲೆ.

ಬೆಲೆಯಣ್ಣ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತಂದ. ತಕ್ಷಣ ಬಿಚ್ಚಲಿಲ್ಲ. ಬರಿಗೈಯ ಬೆವರು ತಾಗಿದರೆ ಉಕ್ಕಿಗೆ ತುಕ್ಕು, ಅದಕ್ಕೆ ಬಿಳಿ ಕೈಗವಸು ಬೇಕು. ಹೆಂಡತಿ ಅವನ್ನು ಒಗೆದು ಹಗ್ಗದ ಮೇಲೆ ಹರವಿದ್ದಳು.

"ಕೈಗವಸು ಒಣಗೋವರೆಗೂ ಇದನ್ನ ಯಾರೂ ಮುಟ್ಟೋ ಹಾಗಿಲ್ಲ," ಎಂದು ಚೀಲವನ್ನು ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮಲಗಿಸಿ, ಮಾರನೇ ದಿನ ಇಂಜಿನ್ ನಂಬರು ಪರೀಕ್ಷಿಸಲು ಡಾಕ್ಟರರ ಗ್ಯಾರೇಜಿಗೆ ಹೊರಟ.

"ಅಲ್ಲಾರೀ, ನಲ್ಲಿ ಇವತ್ತು ಸೋರ್ತಿಲ್ಲ, ಸುರೀತಿದೆ!"

"ಸಂಜೆ ನೋಡಣ!" ಎಂಬ ಮಾತು ಬಾಗಿಲಲ್ಲಿ ಉಳಿಯಿತು, ಮನುಷ್ಯ ಉಳಿಯಲಿಲ್ಲ.

ಸಂಜೆ ಅವನು ಡಾಕ್ಟರರನ್ನೇ ಜೊತೆಗೆ ಕರೆದುಕೊಂಡು ಬಂದ. ಇಂಜಿನ್ ನಂಬರು ತಾಳೆಯಾಗಿತ್ತು, ಚೀಲವೊಂದು ಬಾಕಿ. ಹೆಂಡತಿಯ ಮುಖ ಎಂದೂ ಇಲ್ಲದಷ್ಟು ಗೆಲುವಾಗಿತ್ತು.

"ರೀ, ಮನೇಲಿ ಏನೋ ಬದಲಾಗಿದೆ. ಗೊತ್ತಾಯ್ತಾ?"

"ಪರದೆನಾ? ಚೆನ್ನಾಗಿದೆ."

"ಪರದೆ ಅಲ್ಲ, ನಿಮ್ಮ ತಲೆ!"

"ಅದೂ ಚೆನ್ನಾಗೇ ಇದೆ. ಕಾಫಿ ತಾ," ಎಂದು ಕೈಗವಸು ತೊಟ್ಟು ಚೀಲದ ಪಟ್ಟಿ ಸಡಿಲಿಸಿದ.

ಒಂದೊಂದೇ ಸಲಕರಣೆ ಹೊರಬಂತು. ಸ್ಕ್ರೂಡ್ರೈವರು ಹೊಸ ಅಳಿಯನ ಹಾಗೆ ಮಿರಿಮಿರಿ. ಇಕ್ಕಳ ಬಾಯೇ ತೆರೆದಿಲ್ಲ. ಕಡೆಗೆ ಬಂತು ದೊಡ್ಡ ಸ್ಪ್ಯಾನರು, ತಿರುಪಿನಿಂದ ದವಡೆ ಹಿಗ್ಗಿಸಿ ಕುಗ್ಗಿಸುವಂಥದ್ದು. ಬೆಲೆಯಣ್ಣ ಅದನ್ನು ದೀಪಕ್ಕೆ ಹಿಡಿದ. ಹಿಡಿ ಸವೆದು ನುಣುಪಾಗಿದೆ. ಹಿಡಿಯ ಸುತ್ತ ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿದೆ. ದವಡೆಯಂತೂ ತೊಂಬತ್ತರ ಅಜ್ಜನದು.

"ಇದೇನು, ಇಷ್ಟು ಸವೆದಿದೆ?" ಡಾಕ್ಟರು ಗಾಬರಿಯಾದರು. "ಕಾರ್ಖಾನೆಯ ಗುರುತೂ ಕಾಣಲ್ಲ."

ಬೇರೆಯವರಾಗಿದ್ದರೆ ಅಲ್ಲೇ ಅನುಮಾನಪಡುತ್ತಿದ್ದರು. ಆದರೆ ಪಂಡಿತನಿಗೆ ಅನುಮಾನವೆಲ್ಲಿ, ಅವನಿಗಿರುವುದು ವ್ಯಾಖ್ಯಾನ.

"ಗುರುತಿಲ್ಲ ಅನ್ನೋದೇ ಇದರ ಗುರುತು ಸಾರ್!" ಬೆಲೆಯಣ್ಣ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. "ಗುರುತು ಒತ್ತೋಕೆ ಶುರು ಮಾಡೋ ಮುಂಚಿನದು. ಈ ಸವೆತ ನೋಡಿ, ಪರೀಕ್ಷೆಯ ಓಟದಲ್ಲಿ ಕಾರಿನ ಜೊತೆ ಇದ್ದ ಮೆಕ್ಯಾನಿಕ್ಕುಗಳ ಕೈ ಇದು. ಈ ತಾಮ್ರದ ತಂತಿ ಇದೆಯಲ್ಲ, ಬೆವರಿದ ಕೈ ಜಾರದೇ ಇರಲಿ ಅಂತ ಸುತ್ತಿದ್ದು. ಆಹಾ, ಎಂಥ ಸುತ್ತು! ಇಂಥ ಸುತ್ತು ಸುತ್ತೋರು ಈಗ ಯಾರಿದಾರೆ? ಇದೊಂದರಿಂದಲೇ ನಿಮ್ಮ ಕಾರಿನ ಬೆಲೆ ಎಲ್ಲಿಗೋ ಹೋಗುತ್ತೆ!"

ಡಾಕ್ಟರರ ಮುಖ ಬಿಳಿ ಹಲ್ಲಿನ ಜಾಹೀರಾತಾಯಿತು. ಅದೇ ಹೊತ್ತಿಗೆ ಅತ್ತೆ ಕಾಫಿಯ ಟ್ರೇ ಹಿಡಿದು ಬಂದರು. ಬಂದವರು ನಿಂತರು. ನಿಂತವರ ಕಣ್ಣು ಸ್ಪ್ಯಾನರಿನ ಮೇಲೆ ನೆಟ್ಟಿತು.

"ಇಷ್ಟು ವರ್ಷದಲ್ಲಿ ನಮ್ಮ ಯಜಮಾನರ ಕೆಲಸಾನ ಇವರು ಹೊಗಳಿದ್ದು ಇದೇ ಮೊದಲು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಒಂದ್ಸಲ ಕೈ ಜಾರಿ ಕಾಲ್ಬೆರಳ ಮೇಲೆ ಬಿತ್ತು ನೋಡಿ, ಆವತ್ತೇ ಕೂತು ಆ ತಂತಿ ಸುತ್ತಿದ್ರು."

ಬೆಲೆಯಣ್ಣನ ಮಾವ ಬಾಯ್ಲರ್ ಫಿಟ್ಟರ್ ಆಗಿದ್ದವರು. ಅವರ ಸ್ಪ್ಯಾನರು ಅದೇ ಮನೆಯ ಅಡುಗೆಮನೆಯ ಡ್ರಾಯರಿನಲ್ಲಿ ಬಹುಕಾಲದಿಂದ ಇತ್ತು. ನಲ್ಲಿ ರಿಪೇರಿಗೆ ಡ್ರಾಯರು ತೆರೆದಿದ್ದರೆ ತಾನೇ ಅಳಿಯನಿಗೆ ಅದರ ಪರಿಚಯವಾಗುವುದು?

"ಇದು... ಇಲ್ಲಿ... ಹೇಗೆ?"

"ನಾನೇ ಇಟ್ಟೆ. ತೊಳೆದು ಒರೆಸಿ. ಕನ್ನಡಕ ಹಾಕಿರಲಿಲ್ಲ, ಎರಡೂ ಒಂದೇ ಥರ ಕಂಡ್ವಪ್ಪ," ಎಂದರು ಅತ್ತೆ.

ಹೆಂಡತಿ ಅಡುಗೆಮನೆಯಿಂದ ಇನ್ನೊಂದು ಸ್ಪ್ಯಾನರು ಹಿಡಿದು ಬಂದಳು. ಥಳಥಳ ಹೊಳೆಯುವ ಉಕ್ಕು, ಹಿಡಿಯ ಮೇಲೆ ಕಾರ್ಖಾನೆಯ ಗುರುತು ಎದ್ದು ಕಾಣುತ್ತಿತ್ತು. "ನೀರು ಸೀದಾ ನಡುಮನೆಗೆ ಬರ್ತಿತ್ತು ರೀ. ಅಪ್ಪನ ಸ್ಪ್ಯಾನರು ನಲ್ಲಿ ಹಿಡೀಲೇ ಇಲ್ಲ, ಜಾರ್ತಿತ್ತು. ಮೇಜಿನ ಮೇಲೆ ಚೀಲ ಕಂಡಿತು, ಬಿಚ್ಚಿ ಇದನ್ನ ತಗೊಂಡೆ. ಮನೆ ಮುಳುಗ್ತಿರೋವಾಗ ಕೈಗವಸು ಒಣಗೋವರೆಗೂ ಕಾಯ್ಲಾ?"

ಬೆಲೆಯಣ್ಣ ಅಡುಗೆಮನೆಯ ಕಡೆ ತಿರುಗಿದ. ಆಗ ಅವನಿಗೆ ಮೊದಲ ಬಾರಿಗೆ ಒಂದು ಸಂಗತಿ ಕೇಳಿಸಿತು. ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ.

ಡಾಕ್ಟರು ಜೇಬಿನಿಂದ ಭೂತಗನ್ನಡಿ ತೆಗೆದು ಹೊಳೆಯುವ ಸ್ಪ್ಯಾನರನ್ನು ಪರೀಕ್ಷಿಸಿದರು. "ಕೆಳದವಡೆ. ಎಡಭಾಗ. ಸಣ್ಣ ಏಟು ಬಿದ್ದಿದೆ," ಎಂದರು ರೋಗಿಗೆ ಹೇಳುವ ದನಿಯಲ್ಲಿ.

ಬೆಲೆಯಣ್ಣನಿಗೆ ತನ್ನ ಸಹಿ, ಹರಾಜು ಮನೆ, ಬದುಕು ಎಲ್ಲವೂ ಆ ನಲ್ಲಿಯಲ್ಲೇ ಹರಿದುಹೋದಂತೆ ಕಂಡಿತು. ಡಾಕ್ಟರು ಅವನ ಕಡೆ ನೋಡಲೇ ಇಲ್ಲ. ಹೆಂಡತಿಯ ಕಡೆ ತಿರುಗಿದರು.

"ಗಟ್ಟಿಯಾಗಿ ಹಿಡೀತೇನಮ್ಮಾ?"

"ಹಲ್ಲು ಕಚ್ಚಿ ಹಿಡೀತು ಸಾರ್. ಒಂದೇ ತಿರುವು."

"ಒಂದೇ ತಿರುವು!" ಡಾಕ್ಟರು ಅಡುಗೆಮನೆಗೆ ನುಗ್ಗಿದರು. ನಲ್ಲಿ ತಿರುಗಿಸಿದರು, ನಿಲ್ಲಿಸಿದರು, ಮತ್ತೆ ತಿರುಗಿಸಿದರು, ನಿಲ್ಲಿಸಿದರು. ಒಂದು ಹನಿಯೂ ಬೀಳಲಿಲ್ಲ. "ನೋಡಿ, ನನ್ನ ಹತ್ತಿರ ಬಂದಾಗಿನಿಂದ ಆ ಕಾರೂ ಕೆಲಸ ಮಾಡಿಲ್ಲ, ಈ ಚೀಲಾನೂ ಮಾಡಿಲ್ಲ. ಬರೀ ಕಾವಲು ಕಾದಿದ್ದೇ ಆಯ್ತು. ನನ್ನವಳು ಇದ್ದಿದ್ರೆ ನಿಮ್ಮನ್ನ ನೋಡಿ ಎಷ್ಟು ಖುಷಿಪಡ್ತಿದ್ಲೋ." ಆಮೇಲೆ ಬೆಲೆಯಣ್ಣನ ಕಡೆ ಬೆರಳು ತೋರಿಸಿದರು. "ಕಲೆಯಿದ್ದರೆ ಕಥೆಯಿರಬೇಕು ಅಂದ್ರಲ್ಲ? ಬರೀರಿ."

"ಏನಂತ ಸಾರ್?"

"ಆದದ್ದು ಆದ ಹಾಗೇ."

ಹೆಂಡತಿ ಕುರ್ಚಿ ಎಳೆದುಕೊಂಡು ಕೂತು ಹೇಳಿದಳು, ಬೆಲೆಯಣ್ಣ ಬರೆದ. ‘ಸ್ಪ್ಯಾನರು: ಮೂಲದ್ದೇ. ಕೆಳದವಡೆಯಲ್ಲಿ ಒಂದು ಸಣ್ಣ ಗುರುತು. ಮೌಲ್ಯಮಾಪಕರು ತಿಂಗಳುಗಟ್ಟಲೆ ಅಲಕ್ಷಿಸಿದ ಅಡುಗೆಮನೆಯ ನಲ್ಲಿಯನ್ನು ಅವರ ಪತ್ನಿ ದುರಸ್ತಿ ಮಾಡುವಾಗ ಆದದ್ದು.’

"ತಿಂಗಳುಗಟ್ಟಲೆ ಅಂತ ಬೇಕೇನೇ?"

"ಮುಚ್ಚಿಟ್ಟರೆ ಬೆಲೆ ಇಳಿಯುತ್ತಂತೆ," ಎಂದರು ಅತ್ತೆ, ಬಿಸ್ಕತ್ತು ಮುಂದಿಡುತ್ತಾ.

ಕೆಳಗೆ ಸಹಿ ಬಿತ್ತು. ಹರಾಜಿನ ದಿನ ಆ ಸಾಲುಗಳನ್ನು ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಓದಿದರಂತೆ. ಹೆಂಗಸರು ಚಪ್ಪಾಳೆ ತಟ್ಟಿದರಂತೆ, ಗಂಡಸರು ಬೂಟು ನೋಡಿಕೊಂಡರಂತೆ. ಕಾರು ಬೆಲೆಯಣ್ಣ ಕಟ್ಟಿದ ಬೆಲೆಯನ್ನು ದಾಟಿ ಹೋಯಿತು. ಇಷ್ಟು ಪ್ರಾಮಾಣಿಕನಾದ ಮೌಲ್ಯಮಾಪಕ ಇನ್ನೊಬ್ಬನಿಲ್ಲವೆಂದು ಅವನಿಗೆ ಕೆಲಸದ ಮೇಲೆ ಕೆಲಸ ಬಂತು. ಮನೆಯವರೆಲ್ಲ ಸಂತೋಷವಾಗಿದ್ದರು, ಅವನೂ ಬಹುಮಟ್ಟಿಗೆ.

ಕಾರು ಕೊಂಡವರಿಂದ ಒಂದೇ ಒಂದು ಕೋರಿಕೆ ಬಂತು: ದಾಖಲೆಗೆ ಆ ನಲ್ಲಿಯ ಫೋಟೋ ಸಿಕ್ಕೀತೇ?

ಭಾನುವಾರ ಅಡುಗೆಮನೆಯಲ್ಲಿ ಫೋಟೋ ತೆಗೆಯುವ ಸಂಭ್ರಮ. ಒಂದು ಕಡೆ ಮಾವನ ಸ್ಪ್ಯಾನರು ಹಿಡಿದ ಅತ್ತೆ, ಮತ್ತೊಂದು ಕಡೆ ಹೊಸ ಸೀರೆಯುಟ್ಟ ಹೆಂಡತಿ, ನಡುವೆ ನಲ್ಲಿ. ಬೆಲೆಯಣ್ಣನೂ ತಲೆ ಬಾಚಿಕೊಂಡು ಬಂದು ನಲ್ಲಿಯ ಹಿಂದೆ ನಿಂತ.

ಫೋಟೋದವನು ಕ್ಯಾಮೆರಾ ಇಳಿಸಿ ಕೇಳಿದ, "ಇವರೂ ಇರಬೇಕಾ ಅಮ್ಮಾ?"

ಹೆಂಡತಿ ನಲ್ಲಿಯನ್ನೂ ಗಂಡನನ್ನೂ ಅಳೆದು ನೋಡಿದಳು.

"ರೀ, ಸ್ವಲ್ಪ ಆಚೆ ನಿಂತ್ಕೊಳ್ಳಿ," ಎಂದಳು ಪ್ರೀತಿಯಿಂದಲೇ. "ನಲ್ಲಿಗೂ ನಿಮಗೂ ಸಂಬಂಧ ಇದ್ದ ಹಾಗೆ ಕಂಡರೆ ದಾಖಲೆ ನಕಲಿ ಅಂದ್ಕೋತಾರೆ."