ಹದಿಮೂರರಲ್ಲಿ ಒಂದು ಚೂರಿ

ಇವತ್ತು ಎರಡನೇ ಶನಿವಾರ, ನನಗೆ ರಜೆ. ಬೆಳಿಗ್ಗೆ ಅಂಗಳ ಗುಡಿಸಿದೆ, ಹಾಲು ಕಾಯಿಸಿದೆ, ನೀರುದೋಸೆ ಹೊಯ್ದೆ. ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟು, ನುಂಗಿದರೆಂದು ಖಾತ್ರಿಯಾಗುವವರೆಗೆ ಎದುರಿಗೆ ನಿಂತೆ. ಇವರ ಅಂಗಿಗೆ ಗುಂಡಿ ಹಾಕಿದೆ. ಗ್ಯಾಸ್ ಬುಕ್ ಮಾಡಿದೆ. ಹನ್ನೆರಡು ಚೂರಿಗಳಿಗೆ ತೆಂಗಿನೆಣ್ಣೆ ಹಚ್ಚಿದೆ. ಆಮೇಲೆ ಕಾಪುವಿನಲ್ಲಿ ಬಸ್ಸು ಹತ್ತಿ, ಪಡುಬಿದ್ರಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಕಾರ್ಕಳದ ಆಚಾರಿಯ ಕುಲುಮೆಗೆ ಹೋಗಿ ಹದಿನಾಲ್ಕನೆಯ ಚೂರಿ ತಂದೆ. ಹನ್ನೆರಡು ಆದ ಮೇಲೆ ಹದಿನಾಲ್ಕು ಹೇಗೆ ಬಂತು ಎಂದು ನೀವು ಕೇಳಬಹುದು. ಆ ನಡುವಿನ ಹದಿಮೂರನೆಯದೇ ನನ್ನ ಸಂಕಟ.

ಸಂಸಾರಸ್ಥ ಹೆಂಗಸೊಬ್ಬಳಿಗೆ ಮಡಚುವ ಚೂರಿ ಸೇರಿಸುವ ಹುಚ್ಚು ಹೇಗೆ ಹಿಡಿಯಿತೆಂದು ಜನ ಮುಖ ನೋಡುತ್ತಾರೆ. ಹಿಡಿಸಿದ್ದು ನೌಕರಿ. ಮಣಿಪಾಲದ ಒಂದು ಕಾಲೇಜಿನ ಆಫೀಸಿನಲ್ಲಿ ನಾನು ಟಪಾಲು ನೋಡುವವಳು. ದಿನಕ್ಕೆ ರಾಶಿ ಲಕೋಟೆ, ಅದರ ಮೇಲೆ ಟೇಪು ಸುತ್ತಿ ಸುತ್ತಿ ಈಜಿಪ್ಟಿನ ಮಮ್ಮಿಯಂತೆ ಮಾಡಿದ ಪಾರ್ಸೆಲ್ಲುಗಳು. ಮೊದಮೊದಲು ಸ್ಕೇಲಿನಿಂದ ಹರಿಯುತ್ತಿದ್ದೆ. ಒಮ್ಮೆ ಯಾರದೋ ಅಂಕಪಟ್ಟಿಯೂ ಜೊತೆಗೇ ಹರಿಯಿತು. ಆ ಸಂಜೆ ಉಡುಪಿಯಲ್ಲಿ ಇಳಿದು ಹಿತ್ತಾಳೆ ಹಿಡಿಯ ಒಂದು ಮಡಚುವ ಚೂರಿ ಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತು ಮಧ್ಯಾಹ್ನ ಸುಖವಾಗಿ ಮಲಗಿರುತ್ತಿದ್ದೆ.

ಆದರೆ ಹಿತ್ತಾಳೆ ಹಿಡಿ ಅಂಗೈಗೆ ವಾಸನೆ ಹಿಡಿಸುತ್ತದೆ. ಬುತ್ತಿ ಬಿಚ್ಚಿದರೆ ಪಲ್ಯಕ್ಕೂ ದೇವರ ದೀಪ ತಿಕ್ಕಿದ ವಾಸನೆ. ಹಾಗಾದರೆ ನನಗೆ ಹಿತ್ತಾಳೆ ಆಗುವುದಿಲ್ಲ ಎಂದು ಗೊತ್ತಾಯಿತು. ಕೊಂಬಿನ ಹಿಡಿಯದು ತಂದೆ. ಅದರ ಸ್ಪ್ರಿಂಗು ಬಹಳ ಬಿಗಿ. ಸಿಕ್ಕಿಸಿ ಬಿಡಿಸಲು ಉಗುರು ಬೇಕಲ್ಲ! ಇಪ್ಪತ್ತೆರಡು ವರ್ಷ ತೆಂಗಿನಕಾಯಿ ತುರಿದು, ಪಾತ್ರೆ ತಿಕ್ಕಿದ ಕೈಯಲ್ಲಿ ಉಗುರು ಎಲ್ಲಿಂದ ಬರಬೇಕು? ಪ್ರತಿಸಲ ಇವರನ್ನು ಕರೆಯಬೇಕಾಯಿತು. ಇವರು ಅದನ್ನು ಬಿಡಿಸಿ ಕೊಟ್ಟು, "ಇನ್ನು ಮಡಚಲಿಕ್ಕೂ ನಾನೇ ಬರಬೇಕಾ ಮಾರಾಯ್ತಿ?" ಎನ್ನುತ್ತಿದ್ದರು. ಹಾಗೆ ಒಂದೊಂದೇ ಬಂತು. ದುಬೈಯಿಂದ ನನ್ನ ತಮ್ಮ ತಂದದ್ದರಲ್ಲಿ ಕತ್ತರಿ, ಅರ, ಬಾಟಲಿಯ ಬಿರಡೆ ಕೀಳುವ ಸುರುಳಿ ಎಲ್ಲ ಉಂಟು. ನಮ್ಮ ಮನೆಯಲ್ಲಿ ಬಿರಡೆ ಇರುವ ಬಾಟಲಿ ಒಂದೇ, ಅತ್ತೆಯ ಮಂಡಿನೋವಿನ ತೈಲದ್ದು. ಅದನ್ನು ಅವರು ಹಲ್ಲಿನಲ್ಲೇ ಕೀಳುತ್ತಾರೆ.

ಇನ್ನೊಂದು ದುಃಖ ಸಮುದ್ರದ್ದು. ನನಗೆ ಸ್ಟೀಲಿನ ಅಲಗು ಸೇರುವುದಿಲ್ಲ, ಹಳೆಯ ಕಾಲದ ಕಬ್ಬಿಣವೇ ಆಗಬೇಕು ಎಂಬ ಜ್ಞಾನೋದಯವಾದದ್ದು ಏಳನೆಯ ಚೂರಿಯ ಹೊತ್ತಿಗೆ. ಕಾಪುವಿನ ಗಾಳಿಗೆ ಕಬ್ಬಿಣವೆಂದರೆ ಪಂಚಪ್ರಾಣ. ಮನೆಯ ಗೇಟನ್ನು ಅದು ಅರ್ಧ ತಿಂದು ಮುಗಿಸಿದೆ. ಆದ್ದರಿಂದ ರಜೆಯ ದಿನವೆಲ್ಲ ಎಣ್ಣೆ ಹಚ್ಚುವುದೇ ಆಯಿತು. "ನಿನ್ನ ತಲೆಕೂದಲು ನೋಡು, ತೆಂಗಿನ ಸಿಪ್ಪೆ ಆಗಿದೆ. ಚೂರಿಗಳ ಮೈ ಮಾತ್ರ ಫಳಫಳ" ಎಂದು ಇವರು ಹೇಳಿದಾಗ ನನಗೆ ಕೋಪ ಬರಲಿಲ್ಲ. ನಿಜವನ್ನೇ ಹೇಳಿದರೆ ಏನು ಮಾಡುವುದು?

ಹದಿಮೂರನೆಯದು ಸಿಕ್ಕಿದ್ದು ಹೋದ ವರ್ಷ, ಕಾರ್ಕಳದ ಆಚಾರಿಯ ಹತ್ತಿರ. ಹಲಸಿನ ಮರದ ಹಿಡಿ, ಬೆರಳಗಲದ ತೆಳು ಅಲಗು, ತುದಿ ಮೊಂಡು. ನೋಡಲಿಕ್ಕೆ ಎಂತದೂ ಇಲ್ಲ. ಆದರೆ ಸೋಮವಾರ ಮೊದಲ ಲಕೋಟೆಗೆ ಹಾಕಿದಾಗ ಸದ್ದೇ ಇಲ್ಲದೆ ಕಾಗದ ಎರಡಾಯಿತು. ಉಗುರು ಬೇಡ, ಬಲ ಬೇಡ, ವಾಸನೆ ಇಲ್ಲ. ಐವತ್ತರ ಹತ್ತಿರ ಬಂದು, ಹನ್ನೆರಡು ಸಲ ತಪ್ಪಿ, ನನಗೆ ಎಂತ ಇಷ್ಟ ಎಂದು ಕೊನೆಗೂ ತಿಳಿದ ಆ ಕ್ಷಣದಲ್ಲಿ ಟಪಾಲು ಮೇಜಿನ ಮುಂದೆ ನನ್ನ ಕಣ್ಣು ಒದ್ದೆಯಾಯಿತೆಂದರೆ ನಗಬೇಡಿ. ಮದುವೆಯ ಸೀರೆ ಅತ್ತೆ ಆರಿಸಿದ್ದು, ಮನೆಯ ಬಣ್ಣ ಇವರದ್ದು, ನೌಕರಿ ಸಿಕ್ಕಿದ್ದು. ಪೂರ್ತಿ ನನ್ನದು ಎನ್ನುವಂಥ ಇಷ್ಟ ಅದೊಂದೇ. ದಿನ ಹೋದಂತೆ ಅಲಗಿನ ಮೇಲೆ ಕಪ್ಪು–ನೀಲಿಯ ಚಂದದ ಛಾಯೆ ಕೂತಿತು. ಕೈ ಪಳಗಿದ ಗುರುತು ಎಂದು ಸಹೋದ್ಯೋಗಿಗಳಿಗೆಲ್ಲ ತೋರಿಸಿದೆ.

ಹೀಗಿರುವಾಗ ಹೋದ ತಿಂಗಳು ಅತ್ತೆಗೆ ಕೆಟ್ಟ ಕನಸು ಬೀಳಲು ಶುರುವಾಯಿತು. ತೀರಿಹೋದ ಅವರ ಅಕ್ಕ ದಿನಾ ಬಂದು, "ನನ್ನ ತಾಮ್ರದ ಹಂಡೆ ಎಲ್ಲಿ?" ಎಂದು ಬೈಯುವುದಂತೆ. ಹಂಡೆ ಗುಜರಿಗೆ ಹೋಗಿ ಮೂವತ್ತು ವರ್ಷ ಆಗಿದೆ. ಕನಸಿಗೆ ನಮ್ಮ ಕಡೆ ಮದ್ದು ಒಂದೇ: ದಿಂಬಿನಡಿ ಕಬ್ಬಿಣ ಇಟ್ಟು ಮಲಗುವುದು. ಅತ್ತೆ ಇಡುತ್ತಿದ್ದ ಹಳೇ ಬಾಗಿಲಿನ ಚಿಲಕ ಮನೆಗೆ ಬಣ್ಣ ಬಳಿಯುವವರು ಬಂದ ಗಲಾಟೆಯಲ್ಲಿ ಕಾಣೆಯಾಗಿತ್ತು.

"ಮನೆಯಲ್ಲಿ ಒಂದು ದಂಡಿಗಾಗುವಷ್ಟು ಚೂರಿ ಉಂಟು. ಅಮ್ಮನಿಗೆ ಒಂದು ಕೊಡಲಿಕ್ಕೆ ಎಂತ?" ಎಂದರು ಇವರು.

ನನಗೂ ಖುಷಿಯೇ ಆಯಿತು. ಬೇಡದ್ದೊಂದು ಕಳಚಿತು ಎಂದುಕೊಂಡು ಹನ್ನೆರಡನ್ನೂ ತಟ್ಟೆಯಲ್ಲಿ ಜೋಡಿಸಿ ತಂದೆ. ಹದಿಮೂರನೆಯದು ಬ್ಯಾಗಿನಲ್ಲಿ ಭದ್ರ. ಅತ್ತೆ, ಮಗನಿಗೆ ಹೆಣ್ಣು ನೋಡಲು ಕೂತವರಂತೆ ಕಾಲು ಚಾಚಿ ಕೂತು ಒಂದೊಂದನ್ನೇ ಎತ್ತಿದರು.

"ಇದು ಹಿತ್ತಾಳೆ. ದಿಂಬೆಲ್ಲ ವಾಸನೆ ಬರ್ತದೆ. ಇದು ಬಿಡಿಸಲಿಕ್ಕೇ ಆಗುವುದಿಲ್ಲ, ನನಗೆ ಉಗುರು ಉಂಟಾ? ಇದು ಸ್ಟೀಲು, ಸ್ಟೀಲಿಗೆಲ್ಲ ನಮ್ಮ ಅಕ್ಕ ಹೆದರುವ ಜನ ಅಲ್ಲ. ಇದರಲ್ಲಿ ಕತ್ತರಿ ಉಂಟು, ತೆಗಿ ಆಚೆ. ಕತ್ತರಿ ಇಟ್ಟರೆ ಮನೆಯಲ್ಲಿ ಜಗಳ."

ನಾನು ವರ್ಷಗಟ್ಟಲೆ ಒದ್ದಾಡಿ ಕಂಡುಕೊಂಡ ನನ್ನ ಸ್ವಂತ ಅಭಿರುಚಿಯನ್ನು ಈ ಹೆಂಗಸು ಹತ್ತು ನಿಮಿಷದಲ್ಲಿ ಸಾಲಾಗಿ ಓದಿ ಹೇಳುತ್ತಿದ್ದರು. ಸಾರಿನ ಹುಳಿಯಿಂದ ಹಿಡಿದು ಕಿಟಕಿಯ ಪರದೆಯವರೆಗೆ ಒಂದು ವಿಷಯದಲ್ಲೂ ನಾವಿಬ್ಬರೂ ಒಪ್ಪಿದವರಲ್ಲ.

"ಸುಜಾತ, ನಿನ್ನ ಬ್ಯಾಗಿನಲ್ಲಿ ಒಂದು ಕಪ್ಪಗಿನದ್ದು ಉಂಟಲ್ವಾ? ಅದು ಕೊಡು."

"ಅದು ನಿಮಗೆ ಹೇಗೆ ಗೊತ್ತು ಅತ್ತೆ?"

"ಹೇಗೆ ಅಂದರೆ? ಭಾನುವಾರ ನೀನು ಮಧ್ಯಾಹ್ನ ಮಲಗಿದಾಗ ನಾನು ಬಸಳೆ ಕೊಯ್ಯುವುದು ಅದರಲ್ಲೇ. ಮಾವಿನಕಾಯಿಯೂ ಅದರಲ್ಲೇ. ಎಷ್ಟು ಹದ ಉಂಟು ಮಾರಾಯ್ತಿ!"

ಅಂದರೆ ಆ ಕಪ್ಪು–ನೀಲಿ ಛಾಯೆ ನನ್ನ ಕೈಯದಲ್ಲ. ಬಸಳೆಯದು, ಮಾವಿನಕಾಯಿಯ ಸೊನೆಯದು, ಅತ್ತೆಯದು. ಕಾಲೇಜಿನಲ್ಲಿ ಎಷ್ಟು ಜನರಿಗೆ ತೋರಿಸಿದ್ದೆ! ಎಂಬತ್ತರ ಹತ್ತಿರದ ಜೀವ ನಿದ್ದೆಗಾಗಿ ಕೈ ಚಾಚಿದಾಗ ಇಲ್ಲ ಎನ್ನುವುದು ಹೇಗೆ? ಕೊಟ್ಟೆ. ಮರುದಿನ ಲಕೋಟೆಗಳ ಮುಂದೆ ಕೊಂಬಿನ ಹಿಡಿಯದನ್ನು ಹಿಡಿದುಕೊಂಡು, ಬಿಡಿಸಿ ಕೊಡಲು ಜವಾನರನ್ನು ಕರೆದೆ.

ಒಂದು ತಿಂಗಳು ಹಾಗೇ ತಡೆದು ಇವತ್ತು ಕಾರ್ಕಳಕ್ಕೆ ಹೋದದ್ದು. "ಅಂಥದ್ದೇ ಇನ್ನೊಂದು ಮಾಡಿಕೊಡಿ ಆಚಾರ್ರೇ" ಎಂದೆ. ಅವರು ಮಸಿ ಕೈ ಒರೆಸಿಕೊಂಡು, "ಅದು ಒಂದು ಹಳೇ ಗರಗಸದ ತುಂಡು ಅಕ್ಕ. ಆ ಗರಗಸ ಮುಗಿಯಿತು. ಬೇರೆ ಕಬ್ಬಿಣದ್ದು ಒಂದು ಮಾಡಿಟ್ಟಿದ್ದೇನೆ, ಅಳತೆ ಅದೇ. ಆದರೆ ಅದೇ ಅಂತ ನಾನು ಹೇಳುವುದಿಲ್ಲ" ಎಂದರು. ಪ್ರಾಮಾಣಿಕರಾದ ಕೆಲಸದವರಿಂದ ಮನಸ್ಸಿಗೆ ಇಷ್ಟು ನೋವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಬಸ್ಸಿನಲ್ಲೇ ಟಿಕೇಟು ಕೊಯ್ದು ನೋಡಿದೆ. ಅದೇ ಅಲ್ಲ.

ಆದರೂ ಆಸೆ ಬಿಡಲಿಲ್ಲ. ಅತ್ತೆಗೆ ಅಷ್ಟು ಸೂಕ್ಷ್ಮ ತಿಳಿಯಲಿಕ್ಕಿಲ್ಲ, ಮಲಗುವವರಿಗೆ ಯಾವ ಕಬ್ಬಿಣವಾದರೇನು ಎಂದುಕೊಂಡು, ಸಂಜೆ ದೀಪ ಹಚ್ಚಿದ ಮೇಲೆ ಹೊಸತನ್ನು ಅವರ ಕೈಯಲ್ಲಿಟ್ಟೆ. "ಇದನ್ನು ಇಟ್ಟುಕೊಳ್ಳಿ ಅತ್ತೆ. ಹೊಸತು, ಗಟ್ಟಿ ಉಂಟು. ಆ ಹಳತು ನನಗಿರಲಿ."

ಅವರು ಬಿಡಿಸಿದರು, ಮಡಚಿದರು, ಅಂಗೈಯಲ್ಲಿ ತೂಗಿದರು. "ಇದು ಅದಲ್ಲ. ಹೊಸತು ನೀನೇ ಇಟ್ಟುಕೋ ಮಗಾ, ನಿನಗೆ ಹೊಸ ಹೊಸತು ಇಷ್ಟ ಅಲ್ವಾ?"

ಕೊನೆಯ ಪ್ರಯತ್ನವಾಗಿ, "ಈಗಲೂ ಕನಸು ಬೀಳ್ತದಾ?" ಎಂದು ಕೇಳಿದೆ. ಬಿದ್ದರೆ ಚೂರಿಯಿಂದ ಪ್ರಯೋಜನವಿಲ್ಲ, ವಾಪಸು ಕೊಡಿ ಎನ್ನಬಹುದಲ್ಲ.

"ಬೀಳ್ತದೆ. ಅಕ್ಕ ದಿನಾ ಬರ್ತಾಳೆ. ಆದರೆ ಈಗ ಬೈಯುವುದಿಲ್ಲ. ಪಕ್ಕದಲ್ಲಿ ಕೂತು, ಚೂರಿ ಚಂದ ಉಂಟು, ನನಗೊಮ್ಮೆ ಕೊಡು ಅಂತಾಳೆ."

ಇನ್ನು ನಾನು ಯಾರ ಹತ್ತಿರ ಹೇಳಿಕೊಳ್ಳುವುದು? ಅತ್ತೆಯ ನಂತರವಾದರೂ ನನ್ನ ಸರದಿ ಎಂದುಕೊಂಡಿದ್ದರೆ, ನಡುವೆ ಸತ್ತವರೊಬ್ಬರು ಸಾಲಿನಲ್ಲಿ ನಿಂತಿದ್ದಾರೆ. ಶನಿವಾರವಾದ್ದರಿಂದ ಮೀನಿಲ್ಲ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಬಸಳೆ ಗಸಿ ಉಂಡೆವು. ಬಸಳೆ ಕೊಯ್ದು ಕೊಟ್ಟದ್ದು ಅತ್ತೆ. ತುಂಡುಗಳು ಒಂದೇ ಸಮ ಇದ್ದವೆಂದು ಒಪ್ಪಲೇಬೇಕು. ಮೊದಲು ನಿದ್ದೆ ಹೋದವರು ಅತ್ತೆ, ಆಮೇಲೆ ಇವರು. ನಾನು ಅತ್ತೆಯ ಬಾಗಿಲ ಹತ್ತಿರ, ದಿಂಬಿನ ಕಡೆ ನೋಡುತ್ತಾ, ಸ್ವಲ್ಪ ಹೊತ್ತು ನಿಂತಿದ್ದೆ. ಯಾಕೆಂದು ಯಾರಾದರೂ ಕೇಳಿದರೆ, ಹೊದಿಕೆ ಸರಿ ಉಂಟಾ ಎಂದು ನೋಡಲಿಕ್ಕೆ ಅಂತ ಹೇಳುವವಳಿದ್ದೆ. ಯಾರೂ ಕೇಳಲಿಲ್ಲ.